ನಿವೃತ್ತಿಯ ನಂತರ ರಿವಾರ್ಡ್ ಕ್ರೆಡಿಟ್ ಕಾರ್ಡ್: ಸಂಬಳವಿಲ್ಲದವರ ಅರ್ಜಿಯನ್ನು ಬ್ಯಾಂಕು ಹೇಗೆ ನೋಡುತ್ತದೆ?

ಪ್ರಶ್ನೆ
ಬರೆದವರು: ನಿವೃತ್ತ ಶಿಕ್ಷಕ

ಎಲ್ಲರಿಗೂ ನಮಸ್ಕಾರ. ನಾನು ಶಿಕ್ಷಕ ವೃತ್ತಿಯಿಂದ ನಿವೃತ್ತನಾಗಿ ಎರಡು ವರ್ಷಗಳಾದವು. ಮನೆಯ ಸಾಲ ತೀರಿ ಒಂಬತ್ತು ವರ್ಷಗಳು ಕಳೆದಿವೆ. ಈಗ ಯಾರಿಗೂ ಒಂದು ಕಾಸು ಕೊಡಬೇಕಾಗಿಲ್ಲ. ಪಿಂಚಣಿ ಪ್ರತಿ ತಿಂಗಳು ಮೊದಲ ವಾರದಲ್ಲಿ ತಪ್ಪದೆ ಖಾತೆಗೆ ಬರುತ್ತದೆ, ಮೊತ್ತ ಮಾತ್ರ ಹಿಂದಿನ ಸಂಬಳದ ಅರ್ಧಕ್ಕಿಂತ ತುಸು ಕಡಿಮೆ. ನಿವೃತ್ತಿಯ ಸಮಯದಲ್ಲಿ ಬಂದ ಹಣವನ್ನು ನಿಶ್ಚಿತ ಠೇವಣಿಯಲ್ಲಿ ಇಟ್ಟಿದ್ದೇನೆ. ಅದರ ಬಡ್ಡಿಯನ್ನು ಕೈಗೆ ತೆಗೆದುಕೊಳ್ಳದೆ ಅಸಲಿಗೇ ಸೇರಿಸುತ್ತಾ ಬಂದಿದ್ದೇನೆ. ಕೆಲಸದಲ್ಲಿದ್ದಾಗ ನನ್ನ ಬಳಿ ಒಂದು ಕ್ರೆಡಿಟ್ ಕಾರ್ಡ್ ಇತ್ತು, ಅದರ ಮೇಲೆ ನನ್ನ ಪತ್ನಿಗೆ ಒಂದು ಹೆಚ್ಚುವರಿ ಕಾರ್ಡೂ ಇತ್ತು. ಇನ್ನು ಇದರ ಹಂಗೇಕೆ ಎಂದು ನಿವೃತ್ತನಾದ ತಿಂಗಳೇ ಅದನ್ನು ಮುಚ್ಚಿಸಿದೆ.

ಈಗ ಔಷಧಿ, ದಿನಸಿ, ವಿದ್ಯುತ್ ಬಿಲ್ಲು, ವಿಮೆಯ ಕಂತು, ವರ್ಷಕ್ಕೊಮ್ಮೆ ಮಗಳ ಮನೆಗೆ ಹೋಗಿ ಬರುವ ಪ್ರಯಾಣ, ಎಲ್ಲದಕ್ಕೂ ಡೆಬಿಟ್ ಕಾರ್ಡಿನಿಂದಲೇ ಹಣ ಕೊಡುತ್ತಿದ್ದೇನೆ. ಹೇಗೂ ಮಾಡಲೇಬೇಕಾದ ಈ ಖರ್ಚನ್ನು ರಿವಾರ್ಡ್ ಕಾರ್ಡಿನಿಂದ ಮಾಡಿದರೆ ಅಷ್ಟೋ ಇಷ್ಟೋ ಮರಳಿ ಬರುತ್ತದೆ ಎಂದು ತಿಳಿದು, ಪ್ರಯಾಣಕ್ಕೆ ಹೆಚ್ಚು ಪಾಯಿಂಟ್ ಕೊಡುವ ದೊಡ್ಡ ಕಾರ್ಡೊಂದಕ್ಕೆ ಅರ್ಜಿ ಹಾಕಿದೆ. ಮೂರನೆಯ ದಿನ, ಅರ್ಜಿಯು ಬ್ಯಾಂಕಿನ ಆಂತರಿಕ ಮಾನದಂಡಗಳಿಗೆ ಹೊಂದಿಕೆಯಾಗಿಲ್ಲ ಎಂಬ ಒಂದು ಸಾಲಿನ ಸಂದೇಶ ಬಂದಿತು. ಎರಡು ವಾರ ಬಿಟ್ಟು ಇನ್ನೊಂದು ಬ್ಯಾಂಕಿಗೆ ಹಾಕಿದೆ. ಅಲ್ಲಿಯೂ ಅದೇ ಆಯಿತು. ಸೇವೆಯುದ್ದಕ್ಕೂ ಒಂದು ಕಂತನ್ನೂ ತಪ್ಪಿಸದೆ ಕಟ್ಟಿದವನಿಗೆ ಇದು ನೋವಿನ ಸಂಗತಿಯೇ.

ನಾನು ಕೇಳಬೇಕೆಂದಿರುವುದು ಇಷ್ಟು. ಉದ್ಯೋಗದ ಜಾಗದಲ್ಲಿ ‘ನಿವೃತ್ತ’ ಎಂದು ಬರೆದದ್ದೇ ನಿರಾಕರಣೆಗೆ ಕಾರಣವೇ? ಆದಾಯದ ಜಾಗದಲ್ಲಿ ನಾನು ಪಿಂಚಣಿಯನ್ನು ಮಾತ್ರ ಬರೆದಿದ್ದೆ, ಠೇವಣಿಯನ್ನೂ ತೋರಿಸಬಹುದಿತ್ತೇ? ಪರಿಚಿತರೊಬ್ಬರು, ಕೊನೆಯ ಸಂಬಳವನ್ನೇ ಬರೆಯಿರಿ, ಯಾರೂ ವಿಚಾರಿಸುವುದಿಲ್ಲ ಎಂದರು. ನನ್ನ ಮನಸ್ಸು ಅದಕ್ಕೆ ಒಪ್ಪಲಿಲ್ಲ. ಕೊನೆಯದಾಗಿ, ಸ್ವಂತ ಆದಾಯವೇ ಇಲ್ಲದ ನನ್ನ ಪತ್ನಿಯ ಹೆಸರಿನಲ್ಲಿ ಕಾರ್ಡ್ ಪಡೆಯಲು ದಾರಿ ಇದೆಯೇ? ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕೆಂದು ವಿನಂತಿ.

ಉತ್ತರ 1
ಬರೆದವರು: ಸಾಲ ಪರಿಶೀಲನೆಯಲ್ಲಿ ಇದ್ದವನು

ಗುರುಗಳೇ, ನಾನು ಬ್ಯಾಂಕೊಂದರ ಸಾಲ ಪರಿಶೀಲನಾ ವಿಭಾಗದಲ್ಲಿ ಬಹಳ ವರ್ಷ ಕೆಲಸ ಮಾಡಿದ್ದೇನೆ. ತಮ್ಮ ಬರಹವನ್ನು ಓದಿದಾಗ, ತಮ್ಮಂಥವರ ಅರ್ಜಿಗಳು ಎಷ್ಟು ಬಾರಿ ನನ್ನ ಮೇಜಿನ ಮೇಲೆ ಬಂದು, ಒಬ್ಬ ಮನುಷ್ಯ ಕುಳಿತು ಓದುವ ಮೊದಲೇ ಗಣಕದಲ್ಲಿ ತಿರಸ್ಕೃತವಾಗಿರುತ್ತಿದ್ದವು ಎಂಬುದು ನೆನಪಾಗಿ ಬೇಸರವಾಯಿತು. ಆದ್ದರಿಂದ ಸ್ವಲ್ಪ ದೀರ್ಘವಾಗಿಯೇ ಬರೆಯುತ್ತೇನೆ.

ಬ್ಯಾಂಕು ಅರ್ಜಿಯಲ್ಲಿ ಎರಡು ಬೇರೆ ಬೇರೆ ವಿಷಯಗಳನ್ನು ನೋಡುತ್ತದೆ. ಮೊದಲನೆಯದು, ಹಿಂದೆ ಪಡೆದ ಸಾಲವನ್ನು ಈ ವ್ಯಕ್ತಿ ಹೇಗೆ ತೀರಿಸಿದ್ದಾರೆ ಎಂಬುದು. ಅದನ್ನು ಕ್ರೆಡಿಟ್ ಸ್ಕೋರ್ ಹೇಳುತ್ತದೆ. ಎರಡನೆಯದು, ಮುಂದೆ ಕೊಡುವ ಸಾಲವನ್ನು ಎಲ್ಲಿಂದ ತೀರಿಸುತ್ತಾರೆ ಎಂಬುದು; ಅದಕ್ಕೆ ಆದಾಯದ ವಿವರ ಬೇಕು. ಜನರು ಇವೆರಡನ್ನೂ ಒಂದೇ ಎಂದುಕೊಳ್ಳುತ್ತಾರೆ. ನಿಜವಾಗಿ ಸ್ಕೋರಿನ ಲೆಕ್ಕದಲ್ಲಿ ಆದಾಯಕ್ಕೆ ಸ್ಥಾನವೇ ಇಲ್ಲ. ಅಮೆರಿಕದಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ಫೈಕೋ ಸ್ಕೋರ್ 300ರಿಂದ 850ರವರೆಗೆ ಇರುತ್ತದೆ, ಅದರಲ್ಲಿ ಶೇ. 35ರಷ್ಟು ತೂಕ ಸಮಯಕ್ಕೆ ಸರಿಯಾಗಿ ಪಾವತಿಸಿದ್ದಕ್ಕೆ, ಶೇ. 30ರಷ್ಟು ಈಗಿರುವ ಬಾಕಿಗೆ, ಶೇ. 15ರಷ್ಟು ಸಾಲದ ಇತಿಹಾಸದ ಉದ್ದಕ್ಕೆ, ಉಳಿದದ್ದು ಹೊಸ ಸಾಲಗಳಿಗೆ ಮತ್ತು ಸಾಲದ ಬಗೆಗಳಿಗೆ ತಲಾ ಶೇ. 10. ಭಾರತದ ಸಿಬಿಲ್ ಸ್ಕೋರ್ 300ರಿಂದ 900ರವರೆಗೆ. ಎರಡರಲ್ಲಿಯೂ ಸಂಬಳ ಎಷ್ಟು, ಪಿಂಚಣಿ ಎಷ್ಟು ಎಂಬ ಪ್ರಶ್ನೆಯೇ ಇಲ್ಲ. ಅಂದರೆ ಕಡಿಮೆ ಆದಾಯದವರು ಅತ್ಯುತ್ತಮ ಸ್ಕೋರ್ ಹೊಂದಿರಲು ಯಾವ ಅಡ್ಡಿಯೂ ಇಲ್ಲ.

ತಮ್ಮ ವಿಷಯದಲ್ಲಿ ನನಗೆ ಸಂಶಯ ಬರುವುದು ‘ನಿವೃತ್ತ’ ಎಂಬ ಪದದ ಮೇಲಲ್ಲ, ಮುಚ್ಚಿಸಿದ ಆ ಹಳೆಯ ಕಾರ್ಡಿನ ಮೇಲೆ. ಮನೆಯ ಸಾಲ ತೀರಿ ಒಂಬತ್ತು ವರ್ಷ, ಕಾರ್ಡ್ ಮುಚ್ಚಿ ಎರಡು ವರ್ಷ. ಅಲ್ಲಿಂದೀಚೆಗೆ ತಮ್ಮ ಹೆಸರಿನಲ್ಲಿ ಯಾವ ಸಂಸ್ಥೆಯೂ ಯಾವ ವಿವರವನ್ನೂ ದಾಖಲಿಸಿಲ್ಲ. ಫೈಕೋ ಸ್ಕೋರ್ ಹುಟ್ಟಬೇಕಾದರೆ ಕನಿಷ್ಠ ಆರು ತಿಂಗಳು ಹಳೆಯದಾದ ಒಂದು ಸಾಲದ ಖಾತೆ ಇರಬೇಕು, ಜೊತೆಗೆ ಕಳೆದ ಆರು ತಿಂಗಳೊಳಗೆ ಯಾವುದಾದರೂ ಒಂದು ಖಾತೆಯ ವಿವರ ವರದಿಯಾಗಿರಬೇಕು. ಬೇರೆ ವ್ಯವಸ್ಥೆಗಳಲ್ಲಿ ಅವಧಿ ಬೇರೆ ಇರಬಹುದು, ಆದರೆ ಇತ್ತೀಚಿನ ದಾಖಲೆ ಬೇಕು ಎಂಬ ತತ್ವ ಎಲ್ಲೆಡೆ ಇದೆ. ಜೀವನವಿಡೀ ಸಾಲವನ್ನು ಸರಿಯಾಗಿ ತೀರಿಸಿ, ಕೊನೆಗೆ ಸಾಲದಿಂದ ಸಂಪೂರ್ಣ ಮುಕ್ತರಾದವರು ಗಣಕದ ಕಣ್ಣಿಗೆ ಅಪರಿಚಿತರಾಗಿಬಿಡುತ್ತಾರೆ. ಇದು ಅನ್ಯಾಯವೆಂದು ನನಗೆ ಆಗಲೂ ಅನ್ನಿಸುತ್ತಿತ್ತು, ಈಗಲೂ ಅನ್ನಿಸುತ್ತದೆ. ಇದನ್ನು ಓದುತ್ತಿರುವವರಲ್ಲಿ ಯಾರಾದರೂ ಇನ್ನೇನು ನಿವೃತ್ತರಾಗುವವರಿದ್ದರೆ, ದಯವಿಟ್ಟು ಹಳೆಯ ಕಾರ್ಡನ್ನು ಮುಚ್ಚಿಸಬೇಡಿ. ಅದಕ್ಕೆ ವಾರ್ಷಿಕ ಶುಲ್ಕವಿದ್ದರೆ ಅದೇ ಬ್ಯಾಂಕಿನ ಶುಲ್ಕವಿಲ್ಲದ ಕಾರ್ಡಿಗೆ ಬದಲಾಯಿಸಿಕೊಡಲು ಕೇಳಿ. ಹೊಸ ಕಾರ್ಡ್ ಬೇಕೆಂದಿದ್ದರೆ ಕೊನೆಯ ಸಂಬಳ ಬರುವ ಮೊದಲೇ ಅರ್ಜಿ ಹಾಕಿ.

ಇನ್ನು ಆದಾಯದ ವಿಚಾರ. ಪಿಂಚಣಿಯನ್ನು ಆದಾಯವೆಂದು ಒಪ್ಪದ ಬ್ಯಾಂಕು ಅಪರೂಪ. ಅಮೆರಿಕದಲ್ಲಿ 1974ರ ಸಮಾನ ಸಾಲಾವಕಾಶ ಕಾಯ್ದೆಗೆ 1976ರಲ್ಲಿ ತಿದ್ದುಪಡಿಯಾಗಿ, ವಯಸ್ಸನ್ನು ಅಥವಾ ಸರ್ಕಾರಿ ನೆರವು ಪಡೆಯುತ್ತಿರುವುದನ್ನು ಕಾರಣವಾಗಿಟ್ಟು ಸಾಲ ನಿರಾಕರಿಸುವಂತಿಲ್ಲ ಎಂದಾಯಿತು. ಪಿಂಚಣಿ, ನಿವೃತ್ತಿ ಸೌಲಭ್ಯ ಅಥವಾ ಅರೆಕಾಲಿಕ ದುಡಿಮೆಯಿಂದ ಬಂದದ್ದು ಎಂಬ ಒಂದೇ ಕಾರಣಕ್ಕೆ ಆದಾಯವನ್ನು ಕಡಿಮೆ ಮಾಡಿ ಎಣಿಸುವಂತಿಲ್ಲ ಎಂದು ಆ ಕಾಯ್ದೆಯ ನಿಯಮಾವಳಿ ಸ್ಪಷ್ಟವಾಗಿ ಹೇಳುತ್ತದೆ. ಮೊತ್ತ ಎಷ್ಟು, ಅದು ಮುಂದುವರಿಯುವ ಸಂಭವವೆಷ್ಟು ಎಂಬುದನ್ನು ಮಾತ್ರ ನೋಡಬಹುದು. ಮುಂದುವರಿಯುವ ವಿಷಯದಲ್ಲಿ ಪಿಂಚಣಿ ಸಂಬಳಕ್ಕಿಂತ ಗಟ್ಟಿ. ಎಲ್ಲ ದೇಶಗಳಲ್ಲಿಯೂ ಇಂಥ ರಕ್ಷಣೆ ಇಲ್ಲ. ಕೆಲವೆಡೆ ಬ್ಯಾಂಕುಗಳು ಮುಖ್ಯ ಕಾರ್ಡುದಾರರಿಗೆ ಗರಿಷ್ಠ ವಯಸ್ಸನ್ನೇ ಗೊತ್ತುಪಡಿಸುತ್ತವೆ. ಆದ್ದರಿಂದ ಅರ್ಜಿ ಹಾಕುವ ಮೊದಲು ಆ ಕಾರ್ಡಿನ ಅರ್ಹತಾ ಷರತ್ತನ್ನು ಓದಲೇಬೇಕು.

ಠೇವಣಿಯನ್ನು ತೋರಿಸಬಹುದೇ ಎಂದು ಕೇಳಿದ್ದೀರಿ. ಠೇವಣಿ ಆಸ್ತಿ, ಅದರಿಂದ ಬರುವ ಬಡ್ಡಿ ಆದಾಯ. ತಾವು ಬಡ್ಡಿಯನ್ನು ಅಸಲಿಗೆ ಸೇರಿಸುತ್ತಿರುವುದರಿಂದ ಬ್ಯಾಂಕ್ ಖಾತೆಯ ವಿವರದಲ್ಲಿ ಅದು ಎಲ್ಲಿಯೂ ಕಾಣುವುದಿಲ್ಲ. ಠೇವಣಿಯ ಒಂದು ಭಾಗವನ್ನಾದರೂ ತಿಂಗಳಿಗೊಮ್ಮೆ ಬಡ್ಡಿ ಕೊಡುವ ಬಗೆಗೆ ಬದಲಾಯಿಸಿ, ಅದು ಪಿಂಚಣಿ ಬರುವ ಖಾತೆಗೇ ಜಮೆಯಾಗುವಂತೆ ಮಾಡಿದರೆ, ಆರು ತಿಂಗಳ ನಂತರ ತಮ್ಮ ಖಾತೆಯೇ ತಮ್ಮ ಪರವಾಗಿ ಸಾಕ್ಷಿ ಹೇಳುತ್ತದೆ. ನಿವೃತ್ತಿ ನಿಧಿಯಿಂದ ನಿಯಮಿತವಾಗಿ ಹಣ ತೆಗೆಯುವವರಿಗೂ ಇದೇ ಮಾತು: ಬೇಕಾದಾಗ ದೊಡ್ಡ ಮೊತ್ತ ತೆಗೆಯುವುದಕ್ಕಿಂತ ತಿಂಗಳಿಗಿಷ್ಟು ಎಂದು ಗೊತ್ತುಮಾಡಿದ್ದು ಆದಾಯವಾಗಿ ಎಣಿಕೆಯಾಗುವ ಸಾಧ್ಯತೆ ಹೆಚ್ಚು. ಬಾಡಿಗೆ, ಕುಟುಂಬ ಪಿಂಚಣಿ, ವರ್ಷಾಶನ, ಲಾಭಾಂಶ, ಮನೆಪಾಠದ ಸಂಭಾವನೆ, ದಾಖಲೆ ಇದ್ದರೆ ಇವೆಲ್ಲವೂ ಸೇರುತ್ತವೆ. ಅಮೆರಿಕದಲ್ಲಿ 2009ರ ಕ್ರೆಡಿಟ್ ಕಾರ್ಡ್ ಕಾಯ್ದೆಯ ಅಡಿಯ ನಿಯಮ, ಮರುಪಾವತಿಯ ಸಾಮರ್ಥ್ಯವನ್ನು ಅಳೆಯುವಾಗ ಆದಾಯ ಅಥವಾ ಆಸ್ತಿ ಎಂದು ಎರಡನ್ನೂ ಹೆಸರಿಸಿದೆ. ಹಾಗಿದ್ದರೂ ಅರ್ಜಿ ನಮೂನೆಯಲ್ಲಿ ಆಸ್ತಿಗೆ ಜಾಗವೇ ಇಲ್ಲದಿರುವುದು ಸಾಮಾನ್ಯ. ಅಂಥಲ್ಲಿ ಶಾಖೆಗೆ ಹೋಗಿ ಕಾಗದದ ಅರ್ಜಿಯೊಂದಿಗೆ ಠೇವಣಿ ರಸೀದಿಯ ಪ್ರತಿ ಕೊಡುವುದು ಒಳ್ಳೆಯದು.

ಕೊನೆಯ ಸಂಬಳವನ್ನು ಬರೆಯುವ ಸಲಹೆಯನ್ನು ತಾವು ಒಪ್ಪದಿದ್ದದ್ದು ಸರಿಯಾಯಿತು. ಅದು ಸುಳ್ಳು ಹೇಳಿಕೆ. ಸಾಲ ಪಡೆಯಲು ಆದಾಯದ ಬಗ್ಗೆ ಸುಳ್ಳು ಹೇಳುವುದು ಅಪರಾಧವಾಗಬಹುದು. ಪಿಂಚಣಿ ಜಮೆಯಾಗುವ ಬ್ಯಾಂಕಿನಲ್ಲಂತೂ ಆ ಸುಳ್ಳು ಒಂದು ನಿಮಿಷದಲ್ಲಿ ಹೊರಬೀಳುತ್ತದೆ.

ತಕ್ಷಣ ಮಾಡಬೇಕಾದದ್ದು: ಮೂರನೆಯ ಅರ್ಜಿ ಹಾಕಬೇಡಿ. ಪ್ರತಿ ಅರ್ಜಿಯೂ ಸಾಲದ ವರದಿಯಲ್ಲಿ, ಅಂದರೆ ನಮ್ಮ ಸಾಲಗಳ ಇತಿಹಾಸವಿರುವ ಕಡತದಲ್ಲಿ, ಒಂದು ವಿಚಾರಣೆಯಾಗಿ, ಬ್ಯಾಂಕು ಅದನ್ನು ತರಿಸಿ ನೋಡಿದ ಗುರುತಾಗಿ, ದಾಖಲಾಗುತ್ತದೆ. ಹತ್ತಿರ ಹತ್ತಿರದಲ್ಲಿ ಹಲವು ದಾಖಲಾದರೆ, ಈ ವ್ಯಕ್ತಿಗೆ ಹಣದ ತುರ್ತು ಇದೆ ಎಂದು ಗಣಕ ಓದಿಕೊಳ್ಳುತ್ತದೆ. ಮೊದಲು ನಿರಾಕರಣೆಯ ನಿಖರ ಕಾರಣವನ್ನು ಲಿಖಿತವಾಗಿ ಕೇಳಿ. ಭಾರತದಲ್ಲಿ ರಿಸರ್ವ್ ಬ್ಯಾಂಕಿನ ನಿರ್ದೇಶನದಂತೆ, ಅರ್ಜಿಯನ್ನು ತಿರಸ್ಕರಿಸಿದ ಬ್ಯಾಂಕು ಅದರ ನಿರ್ದಿಷ್ಟ ಕಾರಣವನ್ನು ಬರಹದಲ್ಲಿ ತಿಳಿಸಬೇಕು. ಅಮೆರಿಕದಲ್ಲಿಯೂ ಅರ್ಜಿ ತಲುಪಿದ 30 ದಿನಗಳೊಳಗೆ ನಿರ್ಧಾರವನ್ನು ತಿಳಿಸಿ, ನಿರಾಕರಣೆಯ ಕಾರಣವನ್ನು ಕೊಡಬೇಕು ಅಥವಾ ಅದನ್ನು ಕೇಳಿ ಪಡೆಯುವ ಹಕ್ಕು ಇದೆ ಎಂದು ತಿಳಿಸಬೇಕು. ‘ಆಂತರಿಕ ಮಾನದಂಡ’ ಎಂಬುದು ಕಾರಣವಲ್ಲ, ಕಾರಣ ಹೇಳದಿರುವ ರೀತಿ. ಆಮೇಲೆ ಸಾಲದ ವರದಿಯನ್ನು ತರಿಸಿ ನೋಡಿ. ಎಲ್ಲರ ಸಾಲದ ದಾಖಲೆಗಳನ್ನು ಇಡುವ ಭಾರತದ ನಾಲ್ಕು ಸಾಲ ಮಾಹಿತಿ ಸಂಸ್ಥೆಗಳೂ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು. ನಾವೇ ನಮ್ಮ ವರದಿಯನ್ನು ನೋಡಿಕೊಂಡರೆ ಸ್ಕೋರ್ ಇಳಿಯುವುದಿಲ್ಲ. ತೀರಿದ ಮನೆಸಾಲ ಇನ್ನೂ ಬಾಕಿ ಎಂದೇ ದಾಖಲಾಗಿರುವುದನ್ನು ನಾನು ಎಷ್ಟೋ ವರದಿಗಳಲ್ಲಿ ಕಂಡಿದ್ದೇನೆ.

ಉತ್ತರ 2
ಬರೆದವರು: ಮನೆಯಿಂದಲೇ ಅನುವಾದ ಮಾಡುವವಳು

ಶಿಕ್ಷಕರಿಗೆ ನಮಸ್ಕಾರ. ನಾನು ನಿವೃತ್ತಳಲ್ಲ, ಆದರೆ ಆದಾಯ ಕಡಿಮೆ, ಅದೂ ಒಂದು ತಿಂಗಳು ಬಂದರೆ ಇನ್ನೊಂದು ತಿಂಗಳು ಇಲ್ಲ. ಮೇಲೆ ಬರೆದಿರುವ ಸಾಲ ಪರಿಶೀಲನೆಯ ಸರ್ ಹೇಳಿದ್ದೆಲ್ಲವೂ ಸರಿ. ನಾನು ನಡೆದ ದಾರಿಯನ್ನು ಅದಕ್ಕೆ ಸೇರಿಸುತ್ತೇನೆ.

ನನಗೂ ಎರಡು ನಿರಾಕರಣೆಗಳಾದವು. ಆಮೇಲೆ ನನ್ನ ಖಾತೆ ಇರುವ ಬ್ಯಾಂಕಿನಲ್ಲಿಯೇ ಒಂದು ಸಣ್ಣ ಠೇವಣಿ ಇಟ್ಟು, ಅದರ ಭದ್ರತೆಯ ಮೇಲೆ ಕೊಡುವ ಕಾರ್ಡನ್ನು ಪಡೆದೆ. ಇಂಥ ಕಾರ್ಡಿಗೆ ಸಂಬಳದ ಚೀಟಿ ಕೇಳಲಿಲ್ಲ, ಏಕೆಂದರೆ ನಾನು ಹಣ ಕಟ್ಟದಿದ್ದರೆ ಬ್ಯಾಂಕು ಠೇವಣಿಯಿಂದಲೇ ತೆಗೆದುಕೊಳ್ಳಬಹುದು. ಖರ್ಚಿನ ಮಿತಿಯನ್ನು ಠೇವಣಿಯ ಮೊತ್ತ ನೋಡಿ ನಿಗದಿಪಡಿಸುತ್ತಾರೆ. ಕೆಲವು ಕಡೆ ಠೇವಣಿಗೆ ಬಡ್ಡಿ ಬರುತ್ತಲೇ ಇರುತ್ತದೆ, ಕೆಲವು ಕಡೆ ಬರುವುದಿಲ್ಲ. ಇದನ್ನು ಮುಂಚಿತವಾಗಿ ಕೇಳಿಕೊಳ್ಳಬೇಕು. ಈ ಕಾರ್ಡಿನ ವಿವರವನ್ನು ಸಾಲ ಮಾಹಿತಿ ಸಂಸ್ಥೆಗೆ ವರದಿ ಮಾಡುತ್ತೀರಾ ಎಂಬುದನ್ನೂ ಕೇಳಬೇಕು. ಮಾಡದಿದ್ದರೆ ಇತಿಹಾಸ ಬೆಳೆಯುವುದಿಲ್ಲ, ಪಟ್ಟ ಶ್ರಮ ವ್ಯರ್ಥ. ಭದ್ರತೆಯ ಮೇಲೆ ಕೊಡುವ ಕಾರ್ಡುಗಳಲ್ಲಿಯೂ ಖರ್ಚಿನ ಒಂದಂಶ ಮರಳಿ ಕೊಡುವಂಥವು ಇವೆ, ಆದ್ದರಿಂದ ರಿವಾರ್ಡ್ ಬೇಕೆಂದರೆ ಕಾಯಲೇಬೇಕೆಂದಿಲ್ಲ.

ನಾನು ಮೊದಲ ಮೂರು ತಿಂಗಳು ಮಾಡಿದ ತಪ್ಪನ್ನು ಹೇಳಲೇಬೇಕು, ಏಕೆಂದರೆ ಮಿತಿ ಸಣ್ಣದಾಗಿರುವ ಎಲ್ಲರೂ ಇದರಲ್ಲಿ ಬೀಳುತ್ತಾರೆ. ನನ್ನ ಮಿತಿ 20,000 ಎಂದಿಟ್ಟುಕೊಳ್ಳಿ. ತಿಂಗಳ ಖರ್ಚು 12,000. ಬಿಲ್ಲು ಬಂದ ಕೂಡಲೇ ಪೂರ್ತಿ ಕಟ್ಟುತ್ತಿದ್ದೆ, ಒಂದು ದಿನವೂ ತಡಮಾಡಲಿಲ್ಲ. ಆದರೂ ಸ್ಕೋರ್ ಮೇಲೇರಲಿಲ್ಲ. ವಿಚಾರಿಸಿದಾಗ ತಿಳಿದದ್ದು, ಬ್ಯಾಂಕು ಸಾಮಾನ್ಯವಾಗಿ ಬಿಲ್ಲು ತಯಾರಾಗುವ ದಿನದ ಬಾಕಿಯನ್ನು ವರದಿ ಮಾಡುತ್ತದೆ. ನಾನು ಕಟ್ಟುವುದು ಅದರ ನಂತರ. ಹೀಗಾಗಿ ಪ್ರತಿ ತಿಂಗಳೂ ಮಿತಿಯ ಶೇ. 60ರಷ್ಟನ್ನು ಬಳಸಿದವಳಾಗಿ ನಾನು ಕಾಣುತ್ತಿದ್ದೆ. ದೊಡ್ಡ ಸಂಬಳದವರಿಗೆ ದೊಡ್ಡ ಮಿತಿ ಇರುವುದರಿಂದ ಅಷ್ಟೇ ಖರ್ಚು ಅವರ ವರದಿಯಲ್ಲಿ ಶೇ. 5 ಆಗಿ ಕಾಣುತ್ತದೆ. ಅಂದಿನಿಂದ ಬಿಲ್ಲು ತಯಾರಾಗುವುದಕ್ಕೆ ಮೂರ್ನಾಲ್ಕು ದಿನ ಮೊದಲೇ ಹೆಚ್ಚಿನ ಭಾಗವನ್ನು ಕಟ್ಟಿ, ಉಳಿಕೆಯನ್ನು ಮಿತಿಯ ಶೇ. 10ರ ಆಸುಪಾಸಿನಲ್ಲಿ ಇಡತೊಡಗಿದೆ. ಶೇ. 30 ದಾಟಬಾರದು ಎಂಬ ಮಾತು ಎಲ್ಲೆಡೆ ಕೇಳಿಬರುತ್ತದೆ, ಆದರೆ ಅದು ಲಕ್ಷ್ಮಣರೇಖೆಯೇನಲ್ಲ, ಕಡಿಮೆಯಾದಷ್ಟೂ ಒಳ್ಳೆಯದು. ನನ್ನ ಸ್ಕೋರ್ ಅಲ್ಲಿಂದ ಏರತೊಡಗಿತು. ಹದಿನಾಲ್ಕನೆಯ ತಿಂಗಳಲ್ಲಿ ಬ್ಯಾಂಕೇ ಠೇವಣಿಯನ್ನು ಬಿಡಿಸಿ, ಭದ್ರತೆ ಬೇಡದ ಕ್ಯಾಶ್‌ಬ್ಯಾಕ್ ಕಾರ್ಡನ್ನು ಕೊಟ್ಟಿತು.

ಇನ್ನೊಂದು ಮಾತು. ತಾವು ಮೊದಲು ಅರ್ಜಿ ಹಾಕಿದ್ದು ಪ್ರಯಾಣದ ದೊಡ್ಡ ಕಾರ್ಡಿಗೆ. ಅಂಥ ಕಾರ್ಡುಗಳಿಗೆ ಆದಾಯದ ಕೆಳಮಿತಿ ಹೆಚ್ಚಿರುತ್ತದೆ. ಶುಲ್ಕವಿಲ್ಲದ, ಎಲ್ಲ ಖರ್ಚಿಗೂ ಒಂದೇ ದರದಲ್ಲಿ ಮರಳಿ ಕೊಡುವ ಸಾಧಾರಣ ಕಾರ್ಡಿನಿಂದ ಆರಂಭಿಸಿ. ಅರ್ಹತೆಯನ್ನು ಮುಂಚಿತವಾಗಿ ಪರೀಕ್ಷಿಸಿಕೊಳ್ಳುವ ಸೌಲಭ್ಯವನ್ನು ಹಲವು ಬ್ಯಾಂಕುಗಳು ತಮ್ಮ ಜಾಲತಾಣದಲ್ಲಿ ಇಟ್ಟಿವೆ. ಅದು ಸ್ಕೋರಿಗೆ ತಾಗದ ಬಗೆಯ ವಿಚಾರಣೆಯೇ ಎಂದು ಖಚಿತಪಡಿಸಿಕೊಂಡು ಬಳಸಿ.

ಉತ್ತರ 3
ಬರೆದವರು: ಲೆಕ್ಕ ಬರೆದಿಡುವವನು

ಹಿರಿಯರೇ, ಮೇಲಿನ ಇಬ್ಬರೂ ಕಾರ್ಡನ್ನು ಹೇಗೆ ಪಡೆಯಬೇಕೆಂದು ಚೆನ್ನಾಗಿ ಹೇಳಿದ್ದಾರೆ. ಪಡೆಯುವುದರಿಂದ ತಮಗೆ ಎಷ್ಟು ಲಾಭ ಎಂಬುದನ್ನು ಯಾರೂ ಹೇಳಿಲ್ಲವಾದ್ದರಿಂದ ನಾನು ಬರೆಯುತ್ತಿದ್ದೇನೆ. ಕಡಿಮೆ ಆದಾಯದವರಿಗೆ ಈ ಲೆಕ್ಕವೇ ಮುಖ್ಯವೆಂದು ನನ್ನ ದೃಢ ಅಭಿಪ್ರಾಯ.

ಈ ಪಾಯಿಂಟುಗಳ ಹಣ ಬರುವುದು ಮುಖ್ಯವಾಗಿ ಎರಡು ಕಡೆಯಿಂದ. ನಾವು ಕಾರ್ಡ್ ಕೊಟ್ಟಾಗ ಅಂಗಡಿಯವರ ಕಡೆಯಿಂದ ಕಾರ್ಡ್ ಕೊಟ್ಟ ಬ್ಯಾಂಕಿಗೆ ಒಂದು ಸಣ್ಣ ಪಾಲು ಹೋಗುತ್ತದೆ. ಅದನ್ನು ಇಂಟರ್‌ಚೇಂಜ್ ಶುಲ್ಕ ಎನ್ನುತ್ತಾರೆ. ಯುರೋಪಿಯನ್ ಒಕ್ಕೂಟವು 2015ರಲ್ಲಿ ಸಾಮಾನ್ಯ ಗ್ರಾಹಕರ ಕ್ರೆಡಿಟ್ ಕಾರ್ಡುಗಳಿಗೆ ಈ ಶುಲ್ಕವನ್ನು ಶೇ. 0.3ಕ್ಕೆ ಮಿತಿಗೊಳಿಸಿದ್ದರಿಂದ ಅಲ್ಲಿ ಉದಾರ ರಿವಾರ್ಡ್ ಕಾರ್ಡುಗಳು ವಿರಳ. ಎರಡನೆಯ ಮೂಲ, ಬಾಕಿಯನ್ನು ಪೂರ್ತಿ ಕಟ್ಟದವರು ತೆರುವ ಬಡ್ಡಿ. ಒಮ್ಮೆ ಈ ಎರಡನೆಯ ಗುಂಪಿಗೆ ಸೇರಿದರೆ ರಿವಾರ್ಡ್ ಎಂಬ ಮಾತಿಗೆ ಅರ್ಥವಿಲ್ಲ. ಭಾರತದಲ್ಲಿ ಅನೇಕ ಕಾರ್ಡುಗಳ ಬಡ್ಡಿ ತಿಂಗಳಿಗೆ ಶೇ. 3ರಿಂದ 3.75ರವರೆಗೂ ಇದೆ. ಕಾರ್ಡ್ ಮರಳಿ ಕೊಡುವುದು ಶೇ. 1. ಪೂರ್ತಿ ಬಾಕಿಯನ್ನು ಒಂದು ತಿಂಗಳು ಮುಂದಕ್ಕೆ ಹಾಕಿದರೆ ಮೂರು ತಿಂಗಳ ರಿವಾರ್ಡ್ ಅಲ್ಲಿಗೆ ಮುಗಿಯಿತು. ಅಷ್ಟೇ ಅಲ್ಲ, ಬಾಕಿ ಉಳಿದಿರುವವರೆಗೆ ಬಡ್ಡಿರಹಿತ ಅವಧಿಯೂ ಇಲ್ಲವಾಗಿ, ಹೊಸದಾಗಿ ಕೊಂಡದ್ದಕ್ಕೂ ಕೊಂಡ ದಿನದಿಂದಲೇ ಬಡ್ಡಿ ಬೀಳುತ್ತದೆ. ಬಿಲ್ಲಿನಲ್ಲಿ ದಪ್ಪಕ್ಷರದಲ್ಲಿ ಕಾಣುವ ‘ಕನಿಷ್ಠ ಪಾವತಿ’ ಎಂಬ ಅಂಕಿಯನ್ನು ನೋಡಿ ಅಷ್ಟನ್ನೇ ಕಟ್ಟಿ ನೆಮ್ಮದಿಯಾಗಿದ್ದ ನಿವೃತ್ತರೊಬ್ಬರು, ಒಂದೂವರೆ ವರ್ಷದಲ್ಲಿ ಎಲ್ಲಿಗೆ ಬಂದು ನಿಂತರು ಎಂಬುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಅವರೇನೂ ಅತಿಯಾಗಿ ಖರ್ಚು ಮಾಡಿದವರಲ್ಲ. ಆ ಅಂಕಿಯ ಅರ್ಥವನ್ನು ಯಾರೂ ಅವರಿಗೆ ಬಿಡಿಸಿ ಹೇಳಿರಲಿಲ್ಲ. ಕಾರ್ಡ್ ಬಂದ ದಿನವೇ, ಪಿಂಚಣಿ ಖಾತೆಯಿಂದ ಪೂರ್ಣ ಬಾಕಿಯು ತಾನಾಗಿ ಪಾವತಿಯಾಗುವಂತೆ ಆದೇಶ ಕೊಟ್ಟುಬಿಡಿ. ಆದೇಶ ಕೊಡುವಾಗ ‘ಕನಿಷ್ಠ’ ಮತ್ತು ‘ಪೂರ್ಣ’ ಎಂಬ ಎರಡು ಆಯ್ಕೆಗಳಿರುತ್ತವೆ, ಗಮನವಿಟ್ಟು ‘ಪೂರ್ಣ’ವನ್ನೇ ಆರಿಸಿ.

ವಾರ್ಷಿಕ ಶುಲ್ಕದ ಲೆಕ್ಕ ಸರಳ. ಶುಲ್ಕ 1,000, ಮರಳಿ ಬರುವುದು ಶೇ. 1 ಎಂದಾದರೆ, 1,00,000 ಖರ್ಚಾಗುವವರೆಗೆ ತಮಗೆ ಬಂದದ್ದು ಸೊನ್ನೆ. ಪಿಂಚಣಿಯಲ್ಲಿ ಬದುಕುವವರ ಖರ್ಚಿನಲ್ಲಿ ದೊಡ್ಡ ಪಾಲು ಔಷಧಿ, ದಿನಸಿ, ವಿಮೆ, ವಿದ್ಯುತ್ತು. ಪ್ರಯಾಣದ ಕಾರ್ಡುಗಳಲ್ಲಿ ಹೆಚ್ಚಿನ ಪಾಯಿಂಟು ಬರುವುದು ಇವುಗಳಿಗಲ್ಲ, ವಿಮೆ ಮತ್ತು ವಿದ್ಯುತ್ ಬಿಲ್ಲಿಗೆ ಕೆಲವು ಕಾರ್ಡುಗಳು ಏನನ್ನೂ ಕೊಡುವುದಿಲ್ಲ. ಪಾಯಿಂಟುಗಳ ಬೆಲೆಯನ್ನು ಬ್ಯಾಂಕು ಯಾವಾಗ ಬೇಕಾದರೂ ಇಳಿಸಬಹುದು, ಅವಕ್ಕೆ ಅವಧಿಯೂ ಇರಬಹುದು. ಖಾತೆಗೆ ಬಂದ ಹಣಕ್ಕೆ ಆ ಭಯವಿಲ್ಲ. ತಮ್ಮ ಕಳೆದ ಹನ್ನೆರಡು ತಿಂಗಳ ಡೆಬಿಟ್ ಕಾರ್ಡಿನ ವಿವರ ಕೈಯಲ್ಲಿದೆಯಲ್ಲ, ಅದನ್ನು ಬಗೆಬಗೆಯಾಗಿ ಕೂಡಿ ನೋಡಿ, ಆಮೇಲೆ ಕಾರ್ಡ್ ಆರಿಸಿ.

ಒಂದು ವಿಷಯದಲ್ಲಿ ಮಾತ್ರ ಅನುವಾದದ ಮೇಡಂ ಅವರೊಂದಿಗೆ ನನಗೆ ಭಿನ್ನಾಭಿಪ್ರಾಯವಿದೆ. ಠೇವಣಿಯನ್ನು ಭದ್ರತೆಗೆ ಇಟ್ಟರೆ, ಕಾರ್ಡ್ ಇರುವವರೆಗೆ ಆ ಹಣವನ್ನು ಮುಟ್ಟುವಂತಿಲ್ಲ. ವಯಸ್ಸಾದವರಿಗೆ ಆಸ್ಪತ್ರೆಯ ಖರ್ಚು ಹೇಳಿ ಕೇಳಿ ಬರುವುದಿಲ್ಲ. ಶೇ. 1ರ ಆಸೆಗೆ ಆಪತ್ಕಾಲದ ಹಣವನ್ನು ಕಟ್ಟಿಹಾಕುವುದು ನನಗೆ ಸರಿಕಾಣುವುದಿಲ್ಲ.

ಉತ್ತರ 4
ಬರೆದವರು: ಸಾಲ ಪರಿಶೀಲನೆಯಲ್ಲಿ ಇದ್ದವನು

ಲೆಕ್ಕದ ಸರ್ ಅವರ ಎಚ್ಚರಿಕೆ ಸರಿಯಾದದ್ದು. ಆದರೆ ಇಡೀ ಠೇವಣಿಯನ್ನು ಇಡಬೇಕಾಗಿಲ್ಲ. ಶಿಕ್ಷಕರು ತಮ್ಮ ದೊಡ್ಡ ಠೇವಣಿಯಲ್ಲಿ ಒಂದು ಸಣ್ಣ ಭಾಗವನ್ನು, ಉದಾಹರಣೆಗೆ ಒಂದೆರಡು ತಿಂಗಳ ಮನೆಖರ್ಚಿನಷ್ಟನ್ನು, ಬೇರೆ ರಸೀದಿಯಾಗಿ ಮಾಡಿಸಿ ಅದನ್ನಷ್ಟೇ ಭದ್ರತೆಗೆ ಕೊಟ್ಟರೆ ಆಪತ್ಕಾಲದ ಹಣಕ್ಕೆ ಧಕ್ಕೆಯಿಲ್ಲ. ಕಾರ್ಡನ್ನು ಮುಚ್ಚಿ ಬಾಕಿ ತೀರಿಸಿದರೆ ಠೇವಣಿ ಬಿಡುಗಡೆಯಾಗುತ್ತದೆ. ಅವರ ದಾಖಲೆಯಲ್ಲಿ ಇತ್ತೀಚಿನದೇನೂ ಇಲ್ಲದಿರುವುದರಿಂದ, ಒಂದು ವರ್ಷದ ಮಟ್ಟಿಗೆ ಇದಕ್ಕಿಂತ ನೇರವಾದ ದಾರಿ ನನಗೆ ತೋರುತ್ತಿಲ್ಲ. ಅದಕ್ಕೂ ಮೊದಲು ಪಿಂಚಣಿ ಬರುವ ಬ್ಯಾಂಕಿನ ಶಾಖೆಗೆ ಒಮ್ಮೆ ಹೋಗಿ ಮಾತನಾಡಲಿ. ಪಿಂಚಣಿದಾರರಿಗೆಂದೇ ಸಾಧಾರಣ ಕಾರ್ಡುಗಳನ್ನು ಕೊಡುವ ಬ್ಯಾಂಕುಗಳಿವೆ, ಮತ್ತು ಅಲ್ಲಿ ಅವರ ವರ್ಷಗಳ ವ್ಯವಹಾರ ಕಣ್ಣೆದುರಿಗೇ ಇರುತ್ತದೆ.

ಉತ್ತರ 5
ಬರೆದವರು: ಹೊಸದಾಗಿ ಲೆಕ್ಕ ಕಲಿತವಳು

ಶಿಕ್ಷಕರೇ, ತಮ್ಮ ಕೊನೆಯ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ. ನನಗೆ ಅದೇ ಎಲ್ಲಕ್ಕಿಂತ ಮುಖ್ಯವಾಗಿ ಕಂಡಿತು.

ನನ್ನ ಯಜಮಾನರು ಇದ್ದಾಗ ನನ್ನ ಬಳಿಯೂ ಒಂದು ಕಾರ್ಡ್ ಇತ್ತು. ಅದರ ಮೇಲೆ ನನ್ನ ಹೆಸರೇ ಅಚ್ಚಾಗಿತ್ತು. ಆದ್ದರಿಂದ ಅದು ನನ್ನದೆಂದೇ ತಿಳಿದಿದ್ದೆ. ಇಪ್ಪತ್ತೆರಡು ವರ್ಷ ಬಳಸಿದೆ, ಬಿಲ್ಲನ್ನು ನಾನೇ ಹೋಗಿ ಕಟ್ಟಿ ಬರುತ್ತಿದ್ದೆ. ಅವರು ತೀರಿಕೊಂಡ ಸುದ್ದಿಯನ್ನು ಬ್ಯಾಂಕಿಗೆ ತಿಳಿಸಿದ ವಾರದಲ್ಲಿಯೇ ಆ ಕಾರ್ಡ್ ನಿಂತುಹೋಯಿತು. ಅದು ಅವರ ಖಾತೆಗೆ ಸೇರಿದ ಹೆಚ್ಚುವರಿ ಕಾರ್ಡ್, ಮುಖ್ಯ ಖಾತೆ ಮುಚ್ಚಿದರೆ ಅದೂ ಮುಚ್ಚುತ್ತದೆ ಎಂದರು. ನನ್ನ ಹೆಸರಿನಲ್ಲಿ ಹೊಸದಾಗಿ ಅರ್ಜಿ ಹಾಕಿದಾಗ, ಸಾಲದ ಇತಿಹಾಸವೇ ಇಲ್ಲ ಎಂದು ತಿರಸ್ಕರಿಸಿದರು. ಇಪ್ಪತ್ತೆರಡು ವರ್ಷ ತಪ್ಪದೆ ಕಟ್ಟಿದ್ದು ನನ್ನ ಹೆಸರಿನಲ್ಲಿ ಒಂದು ಸಾಲಾಗಿಯೂ ಉಳಿದಿರಲಿಲ್ಲ. ಅಂದು ಆ ಕೌಂಟರಿನ ಮುಂದೆ ನಿಂತಾಗ ಆದ ಅಸಹಾಯಕತೆಯನ್ನು ನಾನು ಮರೆತಿಲ್ಲ. ಅಮೆರಿಕದಲ್ಲಿ ಹೆಚ್ಚುವರಿ ಕಾರ್ಡುದಾರರ ವರದಿಯಲ್ಲಿಯೂ ಆ ಖಾತೆ ಸಾಮಾನ್ಯವಾಗಿ ದಾಖಲಾಗುತ್ತದೆ, ಅದರಿಂದ ಅವರ ಇತಿಹಾಸವೂ ಬೆಳೆಯುತ್ತದೆ ಎಂದು ನನ್ನ ಮಗ ಆಮೇಲೆ ಹೇಳಿದ. ನಾನಿರುವಲ್ಲಿ ಹಾಗಿರಲಿಲ್ಲ. ಆದ್ದರಿಂದ ಹೆಚ್ಚುವರಿ ಕಾರ್ಡನ್ನೇ ನಂಬಿಕೊಳ್ಳುವ ಮೊದಲು, ಅದು ಯಾರ ಹೆಸರಿನಲ್ಲಿ ವರದಿಯಾಗುತ್ತದೆ ಎಂದು ಬ್ಯಾಂಕಿನಲ್ಲಿ ನೇರವಾಗಿ ಕೇಳಿ.

ನನಗೆ ಕೊನೆಗೆ ದಾರಿಯಾದದ್ದು ನನ್ನ ಒಬ್ಬಳ ಹೆಸರಿನ ಠೇವಣಿಯ ಮೇಲಿನ ಕಾರ್ಡೇ. ಈಗ ಕುಟುಂಬ ಪಿಂಚಣಿ ನನ್ನ ಖಾತೆಗೆ ಬರುತ್ತದೆ, ಅದನ್ನೇ ಆದಾಯವೆಂದು ಬರೆದು ಎರಡನೆಯ ಕಾರ್ಡನ್ನೂ ಪಡೆದಿದ್ದೇನೆ. ಪತ್ನಿಯ ಆದಾಯದ ಬಗ್ಗೆ ನಿಯಮ ದೇಶದಿಂದ ದೇಶಕ್ಕೆ ಬೇರೆ. ಅಮೆರಿಕದಲ್ಲಿ 2013ರಲ್ಲಿ ನಿಯಮವನ್ನು ಬದಲಾಯಿಸಿ, 21 ವರ್ಷ ದಾಟಿದವರು ತಮ್ಮ ಕೈಗೆ ಸಿಗುತ್ತದೆಂದು ನ್ಯಾಯವಾಗಿ ನಿರೀಕ್ಷಿಸಬಹುದಾದ ಸಂಗಾತಿಯ ಆದಾಯವನ್ನೂ ಅರ್ಜಿಯಲ್ಲಿ ಬರೆಯಬಹುದು ಎಂದು ಮಾಡಿದರು. ಮನೆಯಲ್ಲಿಯೇ ದುಡಿಯುವ ಗೃಹಿಣಿಯರಿಗೆ ಇದು ದೊಡ್ಡ ಅನುಕೂಲ. ಅಂಥ ನಿಯಮವಿಲ್ಲದ ಕಡೆ, ಠೇವಣಿಯ ಒಂದು ಭಾಗವನ್ನು ಅವರ ಹೆಸರಿಗೇ ಮಾಡಿ, ಅದರ ಮೇಲೆ ಅವರ ಹೆಸರಿನಲ್ಲಿಯೇ ಕಾರ್ಡ್ ಮಾಡಿಸಿ. ತೆರಿಗೆಯ ದೃಷ್ಟಿಯಿಂದ ಆ ಬಡ್ಡಿ ಯಾರ ಆದಾಯವಾಗುತ್ತದೆ ಎಂದು ಮಾತ್ರ ತಿಳಿದವರನ್ನು ಕೇಳಿಕೊಳ್ಳಿ. ಇದನ್ನು ತಾವು ಗಟ್ಟಿಮುಟ್ಟಾಗಿರುವಾಗಲೇ ಮಾಡಬೇಕೆಂದು ಒಬ್ಬ ಅಕ್ಕನಾಗಿ ಹೇಳುತ್ತಿದ್ದೇನೆ.

ಪ್ರಶ್ನೆ ಕೇಳಿದವರ ಮರುಬರಹ
ಬರೆದವರು: ನಿವೃತ್ತ ಶಿಕ್ಷಕ

ಎಲ್ಲರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ಅಕ್ಕನವರು ಬರೆದದ್ದನ್ನು ನನ್ನ ಪತ್ನಿಗೆ ಓದಿ ಹೇಳಿದೆ. ನಾವಿಬ್ಬರೂ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆವು.

ಈ ವಾರ ಎರಡೂ ಬ್ಯಾಂಕುಗಳಿಗೆ ಪತ್ರ ಬರೆದು ಕಾರಣ ಕೇಳಿದೆ. ಒಂದರಿಂದ ಉತ್ತರ ಬಂದಿದೆ. ಆದಾಯ ಸಾಲದು ಎಂದಾಗಲಿ, ವಯಸ್ಸು ಹೆಚ್ಚಾಯಿತೆಂದಾಗಲಿ ಅದರಲ್ಲಿಲ್ಲ. ಇತ್ತೀಚಿನ ಸಾಲದ ದಾಖಲೆಗಳು ಸಾಕಷ್ಟಿಲ್ಲ ಎಂದಿದೆ. ಸಾಲ ಪರಿಶೀಲನೆಯ ಸರ್ ಊಹಿಸಿದ್ದೇ ನಿಜವಾಯಿತು. ಸಾಲದ ವರದಿಯನ್ನೂ ತರಿಸಿದೆ. ಮನೆಸಾಲ ತೀರಿದ್ದು ಸರಿಯಾಗಿಯೇ ದಾಖಲಾಗಿದೆ, ಆದರೆ ಹೆಸರಿನ ಕಾಗುಣಿತ ಒಂದು ಕಡೆ ಬೇರೆಯಾಗಿದೆ. ತಿದ್ದಲು ಕೋರಿಕೆ ಕಳುಹಿಸಿದ್ದೇನೆ. ಹನ್ನೆರಡು ತಿಂಗಳ ಖರ್ಚನ್ನು ಕೂಡಿ ನೋಡಿದಾಗ ಪ್ರಯಾಣದ ಪಾಲು ಶೇ. 8 ಕೂಡ ಇರಲಿಲ್ಲ, ಔಷಧಿ ಮತ್ತು ದಿನಸಿಯೇ ಅರ್ಧದಷ್ಟಿತ್ತು. ಆದ್ದರಿಂದ ಪ್ರಯಾಣದ ಕಾರ್ಡಿನ ಆಸೆಯನ್ನು ಬಿಟ್ಟಿದ್ದೇನೆ. ಪಿಂಚಣಿ ಬರುವ ಬ್ಯಾಂಕಿನಲ್ಲಿ ಎರಡು ಸಣ್ಣ ಠೇವಣಿಗಳನ್ನು, ನನ್ನದೊಂದು ಪತ್ನಿಯದೊಂದು, ಬೇರೆ ಬೇರೆಯಾಗಿ ಮಾಡಿಸಿ, ಅವುಗಳ ಮೇಲೆ ಶುಲ್ಕವಿಲ್ಲದ ಕ್ಯಾಶ್‌ಬ್ಯಾಕ್ ಕಾರ್ಡುಗಳಿಗೆ ಅರ್ಜಿ ಕೊಟ್ಟು ಬಂದಿದ್ದೇವೆ.

ಇನ್ನೊಂದು ಸಂದೇಹ ಉಳಿದಿದೆ. ಪೂರ್ಣ ಬಾಕಿ ತಾನಾಗಿ ಪಾವತಿಯಾಗುವ ಆದೇಶವನ್ನೂ ಕೊಟ್ಟು, ಬಿಲ್ಲು ತಯಾರಾಗುವ ಮೊದಲು ನಾನೇ ಒಂದು ಭಾಗವನ್ನೂ ಕಟ್ಟಿದರೆ, ಎರಡು ಬಾರಿ ಹಣ ಹೋಗುವುದಿಲ್ಲವೇ?

ಉತ್ತರ 6
ಬರೆದವರು: ಮನೆಯಿಂದಲೇ ಅನುವಾದ ಮಾಡುವವಳು

ಬಿಲ್ಲು ತಯಾರಾಗುವ ಮೊದಲೇ ಕಟ್ಟಿದರೆ ಹಾಗಾಗುವುದಿಲ್ಲ ಸರ್. ಬಿಲ್ಲು ತಯಾರಾಗುವಾಗ ಆ ಹಣ ಈಗಾಗಲೇ ಕಳೆದು, ಉಳಿದದ್ದು ಮಾತ್ರ ಬಾಕಿಯಾಗಿ ಅಚ್ಚಾಗುತ್ತದೆ. ತಾನಾಗಿ ಹೋಗುವುದು ಆ ಉಳಿದ ಮೊತ್ತ ಮಾತ್ರ. ತೊಡಕಾಗುವುದು ಬಿಲ್ಲು ತಯಾರಾದ ನಂತರ, ಗಡುವಿಗೆ ಒಂದೆರಡು ದಿನ ಇರುವಾಗ ಕೈಯಾರೆ ಕಟ್ಟಿದರೆ. ಆಗ ಕೆಲವು ಬ್ಯಾಂಕುಗಳಲ್ಲಿ ಎರಡೂ ಹೋಗಿ, ಹೆಚ್ಚಾದದ್ದು ಕಾರ್ಡಿನ ಖಾತೆಯಲ್ಲಿ ಜಮೆಯಾಗಿ ನಿಲ್ಲುತ್ತದೆ. ಹಣ ಕಳೆದುಹೋಗುವುದಿಲ್ಲ, ಮುಂದಿನ ಬಿಲ್ಲಿಗೆ ವಜಾ ಆಗುತ್ತದೆ. ಇಬ್ಬರ ಕಾರ್ಡುಗಳ ಬಿಲ್ಲಿನ ದಿನವನ್ನೂ ಪಿಂಚಣಿ ಬರುವ ವಾರ ಕಳೆದ ಮೇಲೆ ಗಡುವು ಬರುವಂತೆ ಬದಲಾಯಿಸಿಕೊಡಲು ಕೇಳಿ. ಬಿಲ್ಲಿನ ಆವರ್ತವನ್ನು ಒಮ್ಮೆಯಾದರೂ ಬದಲಾಯಿಸಿಕೊಳ್ಳುವ ಅವಕಾಶ ಅನೇಕ ಕಡೆ ಇದೆ.